ಇಪ್ಪತ್ತಾರು ತಿಂಗಳ ಬಸುರಿ

ಆನೆ ಇಪ್ಪತ್ತೆರಡು ತಿಂಗಳಿಗೆ ಮರಿ ಹಾಕುತ್ತದಂತೆ. ತೊಗರಿಹಾಳದ ಮಾರೆವ್ವನ ಸೊಸೆ ಅಮೃತಾಗೆ ಇಪ್ಪತ್ತಾರು ತಿಂಗಳು ತುಂಬಿ ಹೋದರೂ ಇನ್ನೂ ಹೆರಿಗೆಯಾಗಿರಲಿಲ್ಲ. ಇದೇನು ಕಟ್ಟೆಯ ಮೇಲೆ ಕೂತವರು ಹುಟ್ಟಿಸಿದ ಸುದ್ದಿಯಲ್ಲ. ಸರ್ಕಾರದ ಕಂಪ್ಯೂಟರು ತಿಂಗಳು ತಿಂಗಳು ಅಚ್ಚು ಹಾಕಿ ಕೊಡುತ್ತಿದ್ದ ಮಾತು. ಹಾಗಾಗಿ ಸುಳ್ಳು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಮೃತಾಳ ಒಂದೂವರೆ ವರ್ಷದ ಮಗ ಮಾತ್ರ, ತಾನು ಇನ್ನೂ ಹುಟ್ಟಿಲ್ಲ ಅನ್ನುವುದರ ಪರಿವೆಯಿಲ್ಲದೆ, ಅಂಗಳದಲ್ಲಿ ಕೋಳಿಗಳ ಜೀವ ತಿನ್ನುತ್ತಿದ್ದ.

ಇದರಿಂದ ತಲೆ ಕೆಟ್ಟದ್ದು ಅಮೃತಾಗಲ್ಲ, ಊರಿನ ಉಪಕೇಂದ್ರದ ನರ್ಸ್ ವಿರೂಪಾಕ್ಷಮ್ಮನಿಗೆ. ಕೊಪ್ಪಳ ರಾಯಚೂರಿನಿಂದ ಬಿಡಿಸಿಕೊಂಡು ತಾನೇ ಒಂದು ಜಿಲ್ಲೆಯಾದ ತೊಂಬತ್ತೇಳನೇ ಇಸವಿಯಲ್ಲಿ ಆಕೆ ಈ ಸೀಮೆಯದೇ ಆದ ಪುಟ್ಟ ಮಂಗಳೂರು ದಾಟಿ, ಬಸ್ಸಿಳಿದು, ಎರಡು ಮೈಲಿ ನಡೆದು ತೊಗರಿಹಾಳಕ್ಕೆ ಬಂದಿದ್ದಳು. ಬಂದವಳೇ ರಟ್ಟಿನ ರಿಜಿಸ್ಟರಿಗೆ ಬಟ್ಟೆಯ ಹೊದಿಕೆ ಹೊಲಿದು, ಸ್ಕೇಲು ಹಿಡಿದು ಗೆರೆ ಹೊಡೆದು ಕೂತಳು. ಊರಿನ ಹೆಂಗಸರು ತಾರೀಖು ಹೇಳುವವರಲ್ಲ. ಯಾವಾಗ ಮುಟ್ಟು ನಿಂತಿತವ್ವಾ ಅಂದರೆ ಕಾರಹುಣ್ಣಿಮೆಯ ಹಿಂದಿನ ಸೋಮವಾರ ಅನ್ನುವರು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮರುದಿನ ಅನ್ನುವರು. ವಿರೂಪಾಕ್ಷಮ್ಮ ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ಕತ್ತು ತಿರುಗಿಸಿ ಹೆರಿಗೆಯ ದಿನ ಹೇಳಿಬಿಡುತ್ತಿದ್ದಳು. ಎರಡು ದಿನ ಹಿಂದೆ ಮುಂದೆ ಆದರೆ ಅದು ಕೂಸಿನ ತಪ್ಪು ಅನ್ನುವಷ್ಟು ಜಂಬ ಆಕೆಗಿತ್ತು. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟಾದರೂ ಬೇಡವೇ.

ಕಂಪ್ಯೂಟರನ್ನು ಆಕೆ ಮೊದಲು ನೋಡಿದ್ದು ಎರಡು ವರ್ಷದ ನಂತರ, ಕೊಪ್ಪಳಕ್ಕೆ ಲಸಿಕೆ ತರಲು ಹೋದಾಗ. ನೋಡಿದ್ದು ಅಂದರೆ ಅದರ ಮುಸುಕನ್ನು. ಹೂವಿನ ಬಟ್ಟೆ ಹೊದಿಸಿ ಮೂಲೆಯಲ್ಲಿ ಕೂರಿಸಿದ್ದರು, ಮೊದಲ ಸಲ ಗಂಡನ ಮನೆಗೆ ಬಂದ ಸೊಸೆಯ ಹಾಗೆ. ಎರಡು ಸಾವಿರದ ನಾಲ್ಕರಲ್ಲಿ ಗಂಗಾವತಿಯಲ್ಲಿ ಮೂರು ದಿನದ ತರಬೇತಿ ಆಯಿತು. ಅದರಲ್ಲಿ ಎರಡು ದಿನ ಕರೆಂಟು ಇರಲಿಲ್ಲ, ಮೂರನೆಯ ದಿನ ಆಕೆ ಇಪ್ಪತ್ತು ನಿಮಿಷ ಒದ್ದಾಡಿ ತನ್ನ ಹೆಸರು ಬರೆದಳು, ಬರೆದದ್ದು ಎಲ್ಲಿಗೋ ಹೋಯಿತು. ಊಟ ಮಾತ್ರ ಛಲೋ ಇತ್ತು.

ಆಮೇಲೆ ಬಂತು ನೋಡಿ ಅಸಲು ಕಂಪ್ಯೂಟರು. ನಾಡಿನ ಪ್ರತಿಯೊಬ್ಬ ಬಸುರಿಗೂ ಒಂದು ನಂಬರು. ಬಸುರಾದಾಗಿನಿಂದ ಕೂಸಿನ ಕೊನೆಯ ಲಸಿಕೆಯವರೆಗೂ ಆ ನಂಬರಿನ ಮೇಲೆ ಕಣ್ಣು. ನರ್ಸ್‌ಗಳು ರಿಜಿಸ್ಟರು ತಂದು ಕೊಡಬೇಕು, ತಿಂಗಳ ಸಭೆ ನಡೆಯುವ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತ ಮಹೇಶ್ವರಿ ಅದನ್ನು ಕಂಪ್ಯೂಟರಿಗೆ ತುಂಬಬೇಕು. ಮಹೇಶ್ವರಿ ಗಂಗಾವತಿಯವಳು, ಮೂವತ್ತು ದಾಟಿದವಳು, ಗುತ್ತಿಗೆಯ ನೌಕರಿ. ಎಂಟು ಉಪಕೇಂದ್ರದ ಬಸುರಿಯರು ಅವಳ ಹತ್ತು ಬೆರಳಿನ ತುದಿಯಲ್ಲಿದ್ದರು.

ಎಡವಟ್ಟು ಆದದ್ದು ಹೀಗೆ. ಅಮೃತಾ ಹುಟ್ಟಾ ಅಮೃತಾ ಅಲ್ಲ. ಕುಷ್ಟಗಿ ಕಡೆಯ ಗವಿಸಿದ್ದಪ್ಪನ ಮಗಳು, ತವರಿನಲ್ಲಿ ಅವಳ ಹೆಸರು ಹೊಳಿಯಮ್ಮ. ಕಲ್ಲೇಶನಿಗೆ ಕೊಟ್ಟು ತೊಗರಿಹಾಳಕ್ಕೆ ತಂದಾಗ ಒಂದು ತೊಡಕು ಎದುರಾಯಿತು: ಮಾರೆವ್ವನ ತೀರಿಹೋದ ಅತ್ತೆಯ ಹೆಸರೂ ಹೊಳಿಯಮ್ಮ. ಅತ್ತೆಯ ಹೆಸರನ್ನು ಮಾರೆವ್ವ ಬಾಯಿಂದ ಅಂದವಳೇ ಅಲ್ಲ. ಹಾಗಿರುವಾಗ ಆ ಹೆಸರಿನ ಸೊಸೆಯನ್ನು ಕರೆಯುವುದು ಹೇಗೆ, ಬೈಯುವುದಂತೂ ಹೇಗೆ? ಬೈಯಲಾಗದ ಸೊಸೆಯನ್ನು ಇಟ್ಟುಕೊಂಡು ಮಾರೆವ್ವ ಏನು ಮಾಡಬೇಕು? ಮದುವೆಯ ದಿನವೇ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿ ಅಮೃತಾ ಅಂತ ಹೊಸ ಹೆಸರು ಬರೆದರು. ಈ ಸೀಮೆಯಲ್ಲಿ ಇದೇನು ಹೊಸದಲ್ಲ.

ಮೊದಲ ಬಸುರನ್ನು ವಿರೂಪಾಕ್ಷಮ್ಮ ಅಮೃತಾ ಅಂತ ಬರೆಸಿದಳು. ಏಳನೇ ತಿಂಗಳು ಕುಬಸ ಮಾಡಿ ತವರಿನವರು ಕರೆದುಕೊಂಡು ಹೋದರು. ಅಲ್ಲಿ ಹೆರಿಗೆಯಾಯಿತು, ಅಲ್ಲಿನ ನರ್ಸ್ ತಾಯಿಯ ಹೆಸರು ಹೊಳಿಯಮ್ಮ, ಆಕೆಯ ತಂದೆ ಗವಿಸಿದ್ದಪ್ಪ ಎಂದು ಬರೆಸಿ, ಕೂಸಿಗೂ ನಂಬರು ತೆಗೆದಳು. ಮೊದಲಿನ ಕಾಲದಲ್ಲಾಗಿದ್ದರೆ ವಿರೂಪಾಕ್ಷಮ್ಮ ತನ್ನ ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ತವರಿನಲ್ಲಿ, ಗಂಡು, ಸುಖ' ಎಂದು ಮೂರು ಮಾತು ಬರೆದು ಮುಗಿಸುತ್ತಿದ್ದಳು. ಈಗಲೂ ಬರೆದಳು. ಆದರೆ ಕಂಪ್ಯೂಟರಿಗೆ ಅಂಚು ಎಲ್ಲಿಂದ ಬರಬೇಕು? ಅದಕ್ಕೆ ಗೊತ್ತಿದ್ದದ್ದು ಇಷ್ಟೇ: ತೊಗರಿಹಾಳದ ಅಮೃತಾ ಹೆರಬೇಕಿತ್ತು, ಹೆತ್ತಿಲ್ಲ.

ತಿಂಗಳ ಸಭೆಯಲ್ಲಿ ಮೇಲಧಿಕಾರಿ ಕೆಂಪು ಪಟ್ಟಿ ಓದುವರು. ತೊಗರಿಹಾಳ, ಅಮೃತಾ, ಹನ್ನೆರಡು ತಿಂಗಳು. ಮುಂದಿನ ಸಭೆಯಲ್ಲಿ ಹದಿಮೂರು. ಇಪ್ಪತ್ತರ ಹೊತ್ತಿಗೆ ಹಿಂದಿನ ಸಾಲಿನ ನರ್ಸ್‌ಗಳು ಓದುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಳ್ಳತೊಡಗಿದರು. ವಿರೂಪಾಕ್ಷಮ್ಮ ಎದ್ದು ನಿಂತು ಹೆಸರಿನ ಕತೆ ಹೇಳಿದಳು, ಆಮೇಲೆ ಬರೆದೂ ಕೊಟ್ಟಳು. ಕಾಗದ ಫೈಲಿಗೆ ಹೋಯಿತು. ಫೈಲಿನಿಂದ ಕಂಪ್ಯೂಟರಿಗೆ ದಾರಿ ಇರಲಿಲ್ಲ.

ನಗುವವರು ನಗಲಿ ಅಂತ ಆಕೆ ಸುಮ್ಮನಿದ್ದುಬಿಡುತ್ತಿದ್ದಳೋ ಏನೋ. ಆದರೆ ಅಷ್ಟರಲ್ಲಿ ಅಮೃತಾ ನಿಜವಾಗಿಯೂ ಮತ್ತೆ ಬಸುರಾದಳು. ಮೊದಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು. ಈಗ ಐದು ತಿಂಗಳಿಗೇ ಮುಖ ಸುಣ್ಣದ ಗೋಡೆಯಾಗಿತ್ತು. ವಿರೂಪಾಕ್ಷಮ್ಮ ಬೆರಳು ಚುಚ್ಚಿ ನೋಡಿದಳು. ರಕ್ತದ ಅಂಶ ಹನ್ನೊಂದು ಇರಬೇಕಾದಲ್ಲಿ ಆರೂ ಇರಲಿಲ್ಲ. ಹೀಗೇ ಬಿಟ್ಟರೆ ಹೆರಿಗೆಯ ದಿನ ಈ ಹುಡುಗಿ ಉಳಿಯುವುದಿಲ್ಲ ಎಂದು ಆಕೆಗೆ ಕ್ಯಾಲೆಂಡರು ನೋಡದೆಯೂ ತಿಳಿಯಿತು.

ಇಂಥ ಬಸುರಿಯರನ್ನು ದೊಡ್ಡಾಸ್ಪತ್ರೆಯ ಹೆರಿಗೆ ಡಾಕ್ಟರು ಗುರುವಾರ ನೋಡುತ್ತಿದ್ದರು. ಯಾರನ್ನು ನೋಡಬೇಕು ಅನ್ನುವ ಪಟ್ಟಿ ಕಂಪ್ಯೂಟರಿನಿಂದ ಬರಬೇಕು. ಅಮೃತಾಳ ಹೊಸ ಬಸುರನ್ನು ಬರೆಯಲು ಹೋದರೆ ಕಂಪ್ಯೂಟರು ಒಲ್ಲೆ ಅಂದಿತು. ಅದರದೂ ನ್ಯಾಯವೇ: ಇಪ್ಪತ್ತಾರು ತಿಂಗಳಿಂದ ಬಸುರಿರುವವಳು ಮತ್ತೆ ಹೇಗೆ ಬಸುರಾಗುತ್ತಾಳೆ? ವಿರೂಪಾಕ್ಷಮ್ಮ ಎರಡು ಸಲ ಹುಡುಗಿಯನ್ನು ಬಸ್ಸಿನಲ್ಲಿ ಕರೆದೊಯ್ದಳು. ನಂಬರಿಲ್ಲ, ಕಾರ್ಡಿಲ್ಲ ಎಂದು ಬಾಗಿಲ ಕಿಟಕಿಯಲ್ಲೇ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದರು. ಡಾಕ್ಟರೇ ಒಮ್ಮೆ ಬಂದು ನೋಡಬೇಕು ಅಂತ ನಾಲ್ಕು ಅರ್ಜಿ ಬರೆದಳು. ಜೀಪು ಖಾಲಿ ಇಲ್ಲ ಅಂತ ಒಂದಕ್ಕೆ ಉತ್ತರ ಬಂತು, ಉಳಿದ ಮೂರಕ್ಕೆ ಅದೂ ಇಲ್ಲ.

ಹಳೆಯ ಬಸುರನ್ನು ಮುಗಿಸದೆ ಬೇರೆ ದಾರಿ ಇರಲಿಲ್ಲ. ಮಹೇಶ್ವರಿ ಪರದೆಯ ಮೇಲಿದ್ದ ನಾಲ್ಕು ಬಾಗಿಲನ್ನೂ ಓದಿ ಹೇಳಿದಳು: ಹೆರಿಗೆ, ಗರ್ಭಪಾತ, ವಲಸೆ, ಮರಣ. ಹೆರಿಗೆ ಎಂದು ಒತ್ತಿದರೆ ಕೂಸಿನ ನಂಬರು ಕೇಳಿತು. ಕೊಟ್ಟರೆ ಈ ಕೂಸಿಗೆ ಆಗಲೇ ತಾಯಿ ಇದ್ದಾಳೆ ಅಂದಿತು. ವಲಸೆ ಎಂದು ಒತ್ತಿದರೆ ಆ ಕಡೆಯ ಊರು ಅಮೃತಾಳನ್ನು ಒಪ್ಪಿಕೊಳ್ಳಬೇಕು; ಆ ಊರಿಗೆ ಅಮೃತಾ ಅನ್ನುವವಳೇ ಗೊತ್ತಿಲ್ಲ. ಉಳಿದದ್ದು ಎರಡು. ಬೇರೆ ಉಪಕೇಂದ್ರದವರೆಲ್ಲ ಕಣ್ಣು ಮುಚ್ಚಿ ಮರಣ ಒತ್ತಿಸಿ ಹಗುರಾಗಿದ್ದಾರೆ, ಬರೀ ಒಂದು ಗುಂಡಿ ಸಿಸ್ಟರ್ ಎಂದು ಮಹೇಶ್ವರಿ ಸಮಾಧಾನ ಹೇಳಿದಳು.

"ಹಣಿತುಂಬ ಕುಂಕುಮ ಹಚ್ಕೊಂಡು ಅಡ್ಡಾಡೂ ಹೆಣ್ಮಗಳನ್ನ ನನ್ನ ಕೈಲೆ ಹೆಂಗ ಸಾಯಿಸ್ಲಿ?" ಎಂದು ವಿರೂಪಾಕ್ಷಮ್ಮ ಎದ್ದು ಹೊರಟೇಬಿಟ್ಟಳು.

ಗರ್ಭಪಾತವಾದರೂ ಆಗಬಹುದೇನೋ ಎಂದು ದಾರಿಯಲ್ಲಿ ಯೋಚನೆ ಬಂತು. ಬಂದದ್ದನ್ನು ಗುಟ್ಟಾಗಿ ಮಾಡಿ ಮುಗಿಸುವುದು ಬಿಟ್ಟು, ಮನೆಯವರನ್ನು ಒಂದು ಮಾತು ಕೇಳೋಣ ಎಂದು ಮಾರೆವ್ವನ ಕಟ್ಟೆಗೆ ಹೋದಳು. ಕಾಗದದ ಮೇಲೆ ಮಾತ್ರ, ಹೋದ ಸಲದ ಬಸುರು ನಿಲ್ಲಲಿಲ್ಲ ಅಂತ ಒಂದು ಗೆರೆ ಅಂತ ವಿವರಿಸಿದಳು. ಮಾರೆವ್ವ ಮೊಮ್ಮಗನನ್ನು ಎತ್ತಿ ತಂದು ನರ್ಸಮ್ಮನ ತೊಡೆಯ ಮೇಲೆ ಧಪ್ಪನೆ ಕೂರಿಸಿ, ಹಂಗಾದರೆ ಇದೇನು ಅಂತ ಕೇಳಿದಳು. ಕೂಸು ನರ್ಸಮ್ಮನ ಸೀರೆ ತೋಯಿಸಿ ತಾನು ಇರುವುದನ್ನು ಖಾತ್ರಿಪಡಿಸಿತು. ಸಂಜೆಯೊಳಗೆ, ನರ್ಸಮ್ಮ ಹುಟ್ಟಿದ ಮಕ್ಕಳನ್ನು ಹುಟ್ಟಿಲ್ಲ ಅಂತ ಬರೆಸುತ್ತಾಳಂತೆ ಎಂದು ಊರೆಲ್ಲ ಹಬ್ಬಿ, ಒಂದು ವಾರ ಯಾರೂ ಲಸಿಕೆಗೆ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಮಹೇಶ್ವರಿಯೇ. ಅಮೃತಾಳ ಗೊಡವೆಯೇ ಬೇಡ, ಅವಳು ಕಂಪ್ಯೂಟರಿನಲ್ಲಿ ನೂರು ತಿಂಗಳು ಬಸುರಿರಲಿ. ಹೊಳಿಯಮ್ಮ ಇದ್ದಾಳಲ್ಲ? ಅವಳಿಗೆ ಹೆರಿಗೆಯಾಗಿದೆ, ಕೂಸಿದೆ, ಎಲ್ಲ ಸರಿಯಾಗಿದೆ. ಅವಳನ್ನು ತವರಿನಿಂದ ತೊಗರಿಹಾಳಕ್ಕೆ ಕರೆಸಿಕೊಂಡು, ಹೊಸ ಬಸುರನ್ನು ಅವಳ ಹೆಸರಿಗೆ ಬರೆದರಾಯಿತು. ಐದೇ ನಿಮಿಷದಲ್ಲಿ ಕೆಲಸ ಆಯಿತು. ಕಂಪ್ಯೂಟರಿನ ಪ್ರಕಾರ ಕಲ್ಲೇಶನಿಗೆ ಈಗ ಇಬ್ಬರು ಹೆಂಡಂದಿರು, ಇಬ್ಬರೂ ಬಸುರು. ಕಲ್ಲೇಶ ಒಂದು ದಿನವಿಡೀ ಮೀಸೆ ನೀವಿಕೊಂಡ.

ಒಂದೇ ಒಂದು ಬಾಕಿ ಇತ್ತು. ಬಸುರಿ ಇರುವುದು ಖರೆಯೋ ಎಂದು ಮೇಲಿನಿಂದ ಫೋನ್ ಮಾಡಿ ಕೇಳುತ್ತಾರೆ. ಇದ್ದಾಳೆ ಅಂದರೆ ನಂಬರು ಗಟ್ಟಿಯಾಗಿ ಗುರುವಾರದ ಪಟ್ಟಿಗೆ ಸೇರುತ್ತದೆ. ವಿರೂಪಾಕ್ಷಮ್ಮ ಕಲ್ಲೇಶನಿಗೂ ಅಮೃತಾಗೂ ಹೇಳಿ ಹೇಳಿ ಬಾಯಿಪಾಠ ಮಾಡಿಸಿದಳು. ಮಾರೆವ್ವನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದರೆ ಆ ಹೆಸರನ್ನು ಆ ಮನೆಯಲ್ಲಿ ಅನ್ನಬೇಕಲ್ಲ. ಅವ್ವನಿಗೆ ಹೆಂಡತಿ ಹೇಳುತ್ತಾಳೆ ಎಂದು ಕಲ್ಲೇಶ, ಅವ್ವನಿಗೆ ಮಗ ಹೇಳುತ್ತಾನೆ ಎಂದು ಅಮೃತಾ.

ಫೋನ್ ಬಂದದ್ದು ಪಂಚಮಿ ಕಳೆದ ಎರಡನೇ ವಾರ. ಕಲ್ಲೇಶ ಫೋನನ್ನು ಚಾರ್ಜಿಗೆ ಹಚ್ಚಿ ಹೊಲಕ್ಕೆ ಹೋಗಿದ್ದ, ಅಮೃತಾ ಹಿತ್ತಲಲ್ಲಿದ್ದಳು. ಎತ್ತಿದವಳು ಮಾರೆವ್ವ. ಬೆಂಗಳೂರಿನ ಮೆತ್ತನೆಯ ದನಿಯ ಹುಡುಗಿಯೊಬ್ಬಳು, ಇದು ಹೊಳಿಯಮ್ಮನವರ ಮನೆಯಾ, ಅವರ ಆರೋಗ್ಯ ಹೇಗಿದೆ ಎಂದು ಕೇಳಿದಳು.

ಮಾರೆವ್ವನ ಎದೆ ತುಂಬಿ ಬಂತು. ಸತ್ತು ಹನ್ನೊಂದು ವರ್ಷವಾದ ತನ್ನ ಅತ್ತೆಯನ್ನು ಸರ್ಕಾರ ಇನ್ನೂ ನೆನಪಿಟ್ಟಿದೆಯಲ್ಲ.

"ಎಲ್ಲಿ ಆರೋಗ್ಯ ತಂಗಿ, ತೀರಿಕೊಂಡಾರ್ ಅವರು" ಎಂದಳು.

ಆ ಹುಡುಗಿ ಗಾಬರಿಯಾಗಿ ಯಾವಾಗ ಎಂದು ಕೇಳಿದಳು. ಪಂಚಮಿ ಹಬ್ಬದ ಮರುದಿನ ಎಂದಳು ಮಾರೆವ್ವ. ಯಾವ ವರ್ಷದ ಪಂಚಮಿ ಎಂದು ಹುಡುಗಿ ಕೇಳಲಿಲ್ಲ, ಮಾರೆವ್ವ ಹೇಳಲಿಲ್ಲ. ಏನಾಗಿತ್ತು ಎಂದರೆ, ಮೈಯಲ್ಲಿ ರಕ್ತವೇ ಇರಲಿಲ್ಲ, ಕೂತಲ್ಲಿ ಕುಸಿದರು ಎಂದು ಇದ್ದದ್ದನ್ನೇ ಹೇಳಿದಳು. ಹುಡುಗಿ ದುಃಖ ವ್ಯಕ್ತಪಡಿಸಿದಳು. ಮಾರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಸರ್ಕಾರದವರು ಭಾಳ ಛಲೋ ಮಂದಿ ಎಂದು ಸೊಸೆಗೆ ಹೇಳಿದಳು. ಯಾಕೆ ಎಂದು ಸೊಸೆ ಕೇಳಲಿಲ್ಲ.

ಮಧ್ಯಾಹ್ನ ಎರಡಕ್ಕೆ ವಿರೂಪಾಕ್ಷಮ್ಮನ ಫೋನ್ ಬಡಿದುಕೊಂಡಿತು. ಆ ಕಡೆ ಮಹೇಶ್ವರಿ. "ಸಿಸ್ಟರ್, ಹೊಳಿಯಮ್ಮ ತೀರಿಕೊಂಡ್ಲಂತ್ರಿ. ರಕ್ತ ಇಲ್ಲದ. ಮನಿಯವರ ಹೇಳ್ಯಾರಂತ."

ವಿರೂಪಾಕ್ಷಮ್ಮ ಚಪ್ಪಲಿ ಮೆಟ್ಟಲಿಲ್ಲ, ಬಾಗಿಲು ಮುಚ್ಚಲಿಲ್ಲ. ಐವತ್ತರ ಹೆಂಗಸು ಓಣಿಯಲ್ಲಿ ಓಡಿದಳು. ಬೆಳಿಗ್ಗೆ ಆ ಹುಡುಗಿ ಬಾವಿಯ ಹತ್ತಿರ ಕಂಡಿದ್ದಳಲ್ಲ, ಮಾತಾಡಿಸಲಿಲ್ಲವಲ್ಲ, ನಾಲ್ಕು ಅರ್ಜಿ ಬರೆದು ಕೈ ತೊಳೆದುಕೊಂಡೆನಲ್ಲ ಎಂದು ತನ್ನನ್ನೇ ಶಪಿಸಿಕೊಳ್ಳುತ್ತ ಓಡಿದಳು. ಮಾರೆವ್ವನ ಬಾಗಿಲಲ್ಲಿ ಅಳುವ ಸದ್ದಿರಲಿಲ್ಲ, ಟಪ ಟಪ ಅನ್ನುವ ಸದ್ದಿತ್ತು. ಅಮೃತಾ ರೊಟ್ಟಿ ಬಡಿಯುತ್ತ ಕೂತಿದ್ದಳು.

"ಬರ್ರಿ ನರ್ಸಬಾಯಾರ, ಬಿಸಿ ರೊಟ್ಟಿ ಐತಿ, ಉಣ್ರಿ" ಎಂದಳು ಸತ್ತವಳು.

ವಿರೂಪಾಕ್ಷಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಯಾಕೆ ಅಳುತ್ತಾಳೆಂದು ತಿಳಿಯದೆ ಮಾರೆವ್ವನೂ ಜೊತೆಗೆ ಅತ್ತಳು. ಅತ್ತೆಯ ನೆನಪು ಹೇಗೂ ಹಸಿಯಾಗಿತ್ತು. ಅತ್ತು ಮುಗಿದ ಮೇಲೆ ಬೆಂಗಳೂರಿನ ಫೋನಿನ ಸಂಗತಿ ಒಂದೊಂದಾಗಿ ಹೊರಬಿತ್ತು. ವಿರೂಪಾಕ್ಷಮ್ಮನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ರೊಟ್ಟಿ ಉಂಡಳು.

ಮಹೇಶ್ವರಿ ಮತ್ತೆ ಫೋನ್ ಮಾಡಿದಳು. ಹಳೆಯ ಬಾಕಿ ಹೆಸರಿಗೆ ನಾವು ಮರಣ ಒತ್ತಿದರೆ ಯಾರೂ ಕೇಳುವುದಿಲ್ಲ, ಆದರೆ ಬಸುರಿ ಸತ್ತಳೆಂದು ಮನೆಯವರೇ ಬೆಂಗಳೂರಿಗೆ ಹೇಳಿದರೆ ಕಂಪ್ಯೂಟರು ಜಿಲ್ಲೆಗೆಲ್ಲ ಗಂಟೆ ಬಾರಿಸುತ್ತದೆ, ಇಪ್ಪತ್ನಾಲ್ಕು ತಾಸಿನೊಳಗೆ ಡಾಕ್ಟರು ಖುದ್ದಾಗಿ ಊರಿಗೆ ಬಂದು ತನಿಖೆ ಮಾಡಬೇಕು. ಬದುಕಿದ್ದಾಳೆ ಎಂದು ಈಗಲೇ ಒಂದು ಸಾಲು ಬರೆದು ಕೊಟ್ಟರೆ ಜೀಪು ನಿಲ್ಲಿಸಬಹುದು, ಇಲ್ಲದಿದ್ದರೆ ನಿಮ್ಮ ತಲೆಗೇ ಬರುತ್ತದೆ ಸಿಸ್ಟರ್, ಬೇಗ ಹೇಳಿ ಎಂದು ಅವಸರ ಮಾಡಿದಳು.

ವಿರೂಪಾಕ್ಷಮ್ಮ ಒಲೆಯ ಕಡೆ ನೋಡಿದಳು. ಬೆಂಕಿಯ ಮುಂದೆ ಕೂತಿದ್ದರೂ ಅಮೃತಾಳ ತುಟಿಗೆ ಬಣ್ಣವಿರಲಿಲ್ಲ. ಎರಡು ರೊಟ್ಟಿ ಬಡಿದು ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಹದಿನೇಳು ವರ್ಷದಲ್ಲಿ ವಿರೂಪಾಕ್ಷಮ್ಮನ ರಿಜಿಸ್ಟರಿನಲ್ಲಿ ಒಂದೇ ಒಂದು ಸುಳ್ಳು ಗೆರೆ ಇರಲಿಲ್ಲ.

"ಜೀಪ ಬರ್ಲಿ ಬಿಡವಾ ಮಹೇಶ್ವರಿ. ನೀ ನನಗ ಫೋನ್ ಮಾಡೇ ಇಲ್ಲ ಅಂತ ತಿಳಕೊ" ಎಂದು ಫೋನ್ ಇಟ್ಟಳು.

ಮರುದಿನ ಹನ್ನೊಂದಕ್ಕೆ ಜೀಪು ಬಂತು. ಮುಂದೆ ಹೆರಿಗೆ ಡಾಕ್ಟರಮ್ಮ, ಹಿಂದೆ ಕಾಗದದ ಕಟ್ಟು ಹಿಡಿದ ಇಬ್ಬರು, ಚಾಲಕ ಜಿಲಾನಸಾಬ. ಡಾಕ್ಟರಮ್ಮ ದುಃಖದ ಮುಖ ಮಾಡಿಕೊಂಡೇ ಇಳಿದು, ಕಟ್ಟೆಯ ಮೇಲೆ ಕೂತು, ಎದುರಿಗೆ ನೀರಿನ ಚರಿಗೆ ತಂದಿಟ್ಟವಳನ್ನೇ ಮೃತಳಿಗೆ ನೀನು ಏನಾಗಬೇಕು ಎಂದು ಕೇಳಿದರು. ಅಮೃತಾ ವಿರೂಪಾಕ್ಷಮ್ಮನ ಮುಖ ನೋಡಿದಳು. ತವರಿನ ಹೆಸರು ಏನಮ್ಮ, ಹೇಳು ಎಂದು ವಿರೂಪಾಕ್ಷಮ್ಮ ಅಂದಳು. ಅತ್ತೆ ಎದುರಿಗಿದ್ದಾಳೆಂದು ನಾಚಿ, ಅಮೃತಾ ಡಾಕ್ಟರಮ್ಮನ ಕಿವಿಯಲ್ಲಿ ಹೇಳಿದಳು.

ಕಾಗದದವರು ಕಾಗದ ಕೆಳಗಿಟ್ಟರು. ಹದಿನಾರು ಪುಟದ ಆ ಫಾರ್ಮಿನಲ್ಲಿ ಸತ್ತವಳೇ ನೀರು ಕೊಟ್ಟರೆ ಏನು ಬರೆಯಬೇಕು ಅನ್ನುವುದಕ್ಕೆ ಜಾಗವಿರಲಿಲ್ಲ. ಡಾಕ್ಟರಮ್ಮನಿಗೆ ಮೂಗಿನ ತುದಿಯವರೆಗೂ ಸಿಟ್ಟು ಬಂತು. ನಿನ್ನೆಯೇ ಗೊತ್ತಿತ್ತಾ ಸಿಸ್ಟರ್ ಎಂದು ಕೇಳಿದರು.

"ಗೊತ್ತಿತ್ರಿ ಮೇಡಮ್" ಎಂದಳು ವಿರೂಪಾಕ್ಷಮ್ಮ. "ಬದುಕ್ಯಾಳ, ಬಂದು ನೋಡ್ರಿ ಅಂತ ನಾಕ ಸಲ ಬರದೆ, ನೀವು ಬರ್ಲಿಲ್ಲ. ಸತ್ತಾಳ ಅಂತ ಒಮ್ಮಿ ಸುದ್ದಿ ಹೋತು, ಬಂದ್ರಿ. ಈಗ ಬಂದೀರಿ, ಆಕಿ ಕಣ್ಣೊಂದು ನೋಡ್ರಿ. ಆಮ್ಯಾಲ ನನಗೇನ್ ಮಾಡ್ತೀರಿ ಮಾಡ್ರಿ."

ಡಾಕ್ಟರಮ್ಮ ಎದ್ದು ಅಮೃತಾಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ನಾಡಿ ಹಿಡಿದರು. ಇನ್ನೊಮ್ಮೆ ರೆಪ್ಪೆ ನೋಡಿದರು. ನಾಲ್ಕು ಅರ್ಜಿಯಲ್ಲಿ ಒಂದೂ ತಮ್ಮ ಮೇಜಿಗೆ ಬಂದಿಲ್ಲ ಎಂದು ಮೆಲ್ಲಗೆ ಹೇಳಿ, ಹುಡುಗಿಯನ್ನು ಜೀಪು ಹತ್ತಿಸಲು ಹೇಳಿದರು. ಮಾರೆವ್ವ ಅಡ್ಡ ಬಂದಳು. ನಡೆದಾಡಿಕೊಂಡಿರುವ ಸೊಸೆಗೆ ಆಸ್ಪತ್ರೆ ಯಾಕೆ ಅಂದಳು. ನಿನ್ನ ಅತ್ತೆ ಹೇಗೆ ಹೋದಳೋ ಹಾಗೇ ಹೋಗುತ್ತಾಳೆ ಎಂದು ವಿರೂಪಾಕ್ಷಮ್ಮ ಅಂದಾಗ ಒಳಗೆ ಹೋಗಿ ಸೊಸೆಯ ಸೀರೆ ಗಂಟು ಕಟ್ಟಿ ತಂದಳು.

ಜಿಲಾನಸಾಬನಿಗೆ ಮಾತ್ರ ಒಂದು ಧರ್ಮಸಂಕಟ. ಜೀಪಿನ ಪುಸ್ತಕದಲ್ಲಿ ಮರಣದ ತನಿಖೆಗೆ ಎಂದು ಬರೆದುಕೊಂಡು ಬಂದಿದ್ದಾನೆ, ತಿರುಗಿ ಹೋಗುವಾಗ ಮೃತಳನ್ನು ಕರೆದುಕೊಂಡು ಎಂದು ಬರೆದರೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿದ. ಗಾಡಿ ಬಿಡು ಮಾರಾಯಾ, ನಾನು ಹಾಕುತ್ತೇನೆ ಎಂದರು ಡಾಕ್ಟರಮ್ಮ.

ಮೂರು ಬಾಟಲಿ ರಕ್ತ, ಹತ್ತು ಸೂಜಿ ಕಬ್ಬಿಣದ ಔಷಧ. ಕಾರ್ತಿಕ ಮುಗಿದ ಮೇಲೆ ಅಮೃತಾ ಅದೇ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಈ ಸಲವೂ ರಕ್ತ ಹೋಯಿತು, ಆದರೆ ಹೋಗಲು ಮೈಯಲ್ಲಿ ರಕ್ತ ಇತ್ತು. ಹೊಳಿಯಮ್ಮ ಕಂಪ್ಯೂಟರಿನಲ್ಲಿ ಸತ್ತೇ ಇದ್ದಳು, ಅವಳನ್ನು ಎಬ್ಬಿಸಲು ಬೆಂಗಳೂರಿನ ಅಪ್ಪಣೆ ಬೇಕಂತೆ. ಮಹೇಶ್ವರಿ ಕೂಸಿಗೆ ಹೊಸ ನಂಬರು ತೆಗೆದು, ಅಮೃತಾಳ ಹೆಸರಿಗೆ ಹಚ್ಚಿ ಹೆರಿಗೆ ಎಂದು ಒತ್ತಿದಳು. ಕಂಪ್ಯೂಟರು ಕೂಸಿನ ತೂಕ ಕೇಳಿತು. ಎರಡೂಮುಕ್ಕಾಲು ಕಿಲೋ ಎಂದರೆ ತಕರಾರಿಲ್ಲದೆ ಒಪ್ಪಿಕೊಂಡಿತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ವಿರೂಪಾಕ್ಷಮ್ಮನನ್ನು ಪಡಸಾಲೆಗೆ ಕರೆದರು. ಆ ಜೀಪಿನ ಸಂಬಂಧ ನೋಟಿಸು ಬಂದಿದೆ, ಉತ್ತರ ಇಬ್ಬರೂ ಕೂಡಿ ಬರೆಯೋಣ ಎಂದರು. ಆಮೇಲೆ ಔಷಧದ ಚೀಟಿಯೊಂದನ್ನು ತಿರುವಿ, ಹಿಂದೆ ಪೆನ್ನಿನಲ್ಲಿ ತಮ್ಮ ಮನೆಯ ಫೋನ್ ನಂಬರು ಬರೆದು ಆಕೆಯ ಅಂಗೈಯಲ್ಲಿಟ್ಟರು.

"ಇನ್ನ ಮ್ಯಾಲ ಯಾರನ್ನೂ ಸಾಯಿಸಬ್ಯಾಡ್ರಿ ಸಿಸ್ಟರ್, ನನಗ ಫೋನ್ ಮಾಡ್ರಿ" ಎಂದರು. "ಸತ್ತ ಮ್ಯಾಲ ಬರೂದು ನನಗೂ ಸಾಕಾಗೇತಿ."